ತೂತು ಕೊರೆಯದೆ ಕೂರಿಸುವ ಕಲೆ: ನಾರಿನ ಹೊಲಿಗೆಯಿಂದ ಫೈಬರ್ ದೋಣಿಯ ಅಂಟಿನವರೆಗೆ

ಹೊಸ ಫೈಬರ್ ದೋಣಿ ದಡಕ್ಕೆ ಬಂದ ಕೂಡಲೇ ಅದಕ್ಕೆ ಸಾಮಾನು ಜೋಡಿಸುವ ಕೆಲಸ ಶುರುವಾಗುತ್ತದೆ. ದೀಪದ ಕಂಬಕ್ಕೆ ಎರಡು ತೂತು, ಬ್ಯಾಟರಿ ಪೆಟ್ಟಿಗೆಗೆ ನಾಲ್ಕು, ಹಗ್ಗ ಕಟ್ಟುವ ಕೊಕ್ಕೆಗೆ ಎರಡು, ಮೀನು ತೋರಿಸುವ ಯಂತ್ರಕ್ಕೆ ಇನ್ನೆರಡು. ಡ್ರಿಲ್ ಯಂತ್ರ ಕೈಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಆ ಅರ್ಧ ಗಂಟೆಯ ಲೆಕ್ಕವನ್ನು ಸಮುದ್ರ ಎರಡು ಮೂರು ಮಳೆಗಾಲ ಕಳೆದ ಮೇಲೆ ಕೇಳುತ್ತದೆ. ಹಿಂಬದಿಯ ಹಲಗೆ ಮೆತ್ತಗಾಗುತ್ತದೆ, ಎಂಜಿನ್ ಅಲುಗಾಡುತ್ತದೆ, ತಳದಲ್ಲಿ ಎಲ್ಲಿಂದಲೋ ನೀರು ಜಿನುಗುತ್ತದೆ.

ಇದರಲ್ಲಿ ಕೆಲಸಗಾರರ ತಪ್ಪಿಗಿಂತ ಹಳೆಯ ಅಭ್ಯಾಸದ ಪಾಲು ದೊಡ್ಡದು. ಮರದ ದೋಣಿಯ ಕಾಲದಲ್ಲಿ ಕಲಿತ ಕೈ ಫೈಬರ್ ದೋಣಿಯ ಮೇಲೂ ಅದೇ ರೀತಿ ಓಡುತ್ತದೆ. ಮರಕ್ಕೆ ಹಾಕಿದ ತೂತು ಬೇರೆ, ಫೈಬರಿಗೆ ಹಾಕಿದ ತೂತು ಬೇರೆ. ಈ ವ್ಯತ್ಯಾಸ ತಿಳಿಯಬೇಕಾದರೆ ಮನುಷ್ಯ ದೋಣಿಯನ್ನು ಹೇಗೆ ಜೋಡಿಸುತ್ತಾ ಬಂದ ಎಂಬ ಇತಿಹಾಸವನ್ನು ಸ್ವಲ್ಪ ನೋಡಬೇಕು. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇವೆ.

ಮೊಳೆ ಇಲ್ಲದ ಹಡಗುಗಳು

ಅರಬ್ಬಿ ಸಮುದ್ರದ ಹಳೆಯ ಹಡಗುಗಳಲ್ಲಿ ಹೆಚ್ಚಿನವನ್ನು ಮೊಳೆ ಹೊಡೆದು ಕಟ್ಟುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಲಗೆಯ ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ಎರಡು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟುವ ಪದ್ಧತಿ ಇದು. ಸುಮಾರು 2,000 ವರ್ಷ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ವ್ಯಾಪಾರಿ ಕೈಪಿಡಿಯಲ್ಲೇ ಹೊಲಿದ ದೋಣಿಗಳ ಉಲ್ಲೇಖವಿದೆ. 12ನೇ ಶತಮಾನದ ಕೊನೆಯಲ್ಲಿ ಕೆಂಪು ಸಮುದ್ರ ದಾಟಿದ ಇಬ್ನ್ ಜುಬೈರ್ ಎಂಬ ಯಾತ್ರಿಕ, ಅಲ್ಲಿನ ದೋಣಿಗಳನ್ನು ತೆಂಗಿನ ನಾರಿನಿಂದ ಹೊಲಿದು ಎಣ್ಣೆ ಬಳಿಯುತ್ತಾರೆಂದು ಬರೆದಿದ್ದಾನೆ. ಅದಕ್ಕೆ ಶಾರ್ಕ್ ಮೀನಿನ ಎಣ್ಣೆಯೇ ಶ್ರೇಷ್ಠವಂತೆ.

ಮಾರ್ಕೊ ಪೋಲೊ 13ನೇ ಶತಮಾನದ ಕೊನೆಯ ಭಾಗದಲ್ಲಿ ಹೊರ್ಮುಜ್ ಬಂದರಿನಲ್ಲಿ ಇಂಥದೇ ಹಡಗುಗಳನ್ನು ಕಂಡ. ಅವನಿಗೆ ಅವು ಹಿಡಿಸಲಿಲ್ಲ. ಅಪಾಯದ ಹಡಗುಗಳು, ಎಷ್ಟೋ ಮುಳುಗುತ್ತವೆ ಎಂದು ದೂರಿದ. ಆದರೆ ಅವನು ಕೊಟ್ಟ ಕಾರಣ ಗಮನಿಸಬೇಕಾದದ್ದು. ಅಲ್ಲಿನ ಮರ ಬಹಳ ಗಟ್ಟಿ, ಮಣ್ಣಿನ ಮಡಕೆಯಂತೆ ಬಿರುಸು, ಮೊಳೆ ಹೊಡೆದರೆ ಸೀಳುತ್ತದೆ ಎಂದ.

ಜನರ ಬಾಯಲ್ಲಿ ಇನ್ನೊಂದು ಕಾರಣವೂ ಇತ್ತು. ಸಮುದ್ರದಲ್ಲಿ ಸೂಜಿಗಲ್ಲಿನ ಬೆಟ್ಟಗಳಿವೆ, ಕಬ್ಬಿಣದ ಮೊಳೆಯಿದ್ದ ಹಡಗನ್ನು ಅವು ಸೆಳೆದುಕೊಳ್ಳುತ್ತವೆ ಎಂಬ ಕಥೆ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥವೂ ಸಮುದ್ರಕ್ಕೆ ಹೋಗುವ ಹಡಗಿನ ತಳಕ್ಕೆ ಕಬ್ಬಿಣ ಬಳಸಬೇಡಿ ಎಂದು ಇದೇ ಕಾರಣ ಕೊಡುತ್ತದೆ. 6ನೇ ಶತಮಾನದ ಪ್ರೊಕೋಪಿಯಸ್ ಎಂಬ ಇತಿಹಾಸಕಾರ ಆಗಲೇ ಈ ಕಥೆಯನ್ನು ತಳ್ಳಿಹಾಕಿದ್ದ. ರೋಮನ್ನರ ಹಡಗುಗಳಲ್ಲಿ ಬೇಕಾದಷ್ಟು ಕಬ್ಬಿಣವಿದೆ, ಅವಕ್ಕೇನೂ ಆಗಿಲ್ಲವಲ್ಲ ಎಂಬುದು ಅವನ ವಾದ.

ಹೊಲಿಗೆ ಉಳಿದದ್ದಕ್ಕೆ ನಿಜವಾದ ಕಾರಣಗಳು ಸರಳ. ಹೊಲಿದ ದೋಣಿ ಸ್ವಲ್ಪ ಬಾಗುತ್ತದೆ. ಅಲೆಯ ಜೊತೆ ಮರಳಿಗೆ ಬಂದು ಬಡಿದರೂ ಒಡೆಯುವುದಿಲ್ಲ. ಹುರಿ ಹಳೆಯದಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಬೇಕಾದ ನಾರು, ಎಣ್ಣೆ, ರಾಳ ಎಲ್ಲವೂ ಈ ಕರಾವಳಿಯಲ್ಲೇ ಸಿಗುತ್ತಿತ್ತು.

ಮಂಗಳೂರಿಗೆ ಬರುತ್ತಿದ್ದ ನಾರು

ಈ ನಾರಿನ ಕಥೆಯಲ್ಲಿ ನಮ್ಮ ಮಂಗಳೂರಿಗೂ ಪಾಲಿದೆ. ಲಕ್ಷದ್ವೀಪದ ಉತ್ತರದ ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಕೈಗೆ ಬಂದವು. 1799ರ ನಂತರ ಬ್ರಿಟಿಷರ ಪಾಲಾಗಿ ಕೆನರಾ ಆಡಳಿತಕ್ಕೆ ಸೇರಿದವು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದವರು ತಯಾರಿಸಿದ ನಾರಿನ ಹುರಿಯನ್ನು ಸರ್ಕಾರವೇ ಕೊಳ್ಳುತ್ತಿತ್ತು, ಬೇರೆಯವರಿಗೆ ಮಾರುವಂತಿರಲಿಲ್ಲ. ಹುರಿ ಹೊತ್ತ ದೋಣಿ ಮಂಗಳೂರಿಗೆ ಬಂದು, ಹೋಗುವಾಗ ಅಕ್ಕಿ ತುಂಬಿಕೊಂಡು ಹೋಗುತ್ತಿತ್ತು.

ಆ ದ್ವೀಪದವರ ಹೊಲಿಗೆ ಎಷ್ಟು ಗಟ್ಟಿ ಎಂಬುದಕ್ಕೆ 1980ರ ಒಂದು ಯಾನ ಸಾಕ್ಷಿ. ಟಿಮ್ ಸೆವೆರಿನ್ ಎಂಬ ಐರ್ಲೆಂಡ್ ನಿವಾಸಿ ಲೇಖಕ ಹಳೆಯ ಅರಬ್ ಮಾದರಿಯ ಹಡಗು ಕಟ್ಟಲು ಹೊರಟಾಗ, ಮರ ಹೋದದ್ದು ಕೇರಳದ ಕಡೆಯಿಂದ. ನಮ್ಮ ಘಟ್ಟದವರು ಹೆಬ್ಬಲಸು ಎನ್ನುವ ಮರ ಅದು. ಹೊಲಿಯಲು ಒಮಾನಿಗೆ ಹೋದವರು ಲಕ್ಷದ್ವೀಪದ ಅಗತ್ತಿಯವರು. ನೂರಾರು ಕಿಲೋಮೀಟರ್ ಉದ್ದದ ನಾರಿನ ಹುರಿ ಬಳಸಿ ಹೊಲಿದ 'ಸೊಹಾರ್' ಎಂಬ ಆ ಹಡಗು 1980ರ ನವೆಂಬರಿನಲ್ಲಿ ಒಮಾನ್ ಬಿಟ್ಟು, 1981ರಲ್ಲಿ ಚೀನಾದ ಕ್ಯಾಂಟನ್ ತಲುಪಿತು.

ತೀರಾ ಇತ್ತೀಚಿನ ಉದಾಹರಣೆ ನಮ್ಮ ಕಾರವಾರದ್ದು. ಅಜಂತಾ ಗುಹೆಯ ಚಿತ್ರವೊಂದರ ಮಾದರಿಯಲ್ಲಿ ಗೋವಾದಲ್ಲಿ ಹೊಲಿದು ಕಟ್ಟಿದ ಹಡಗನ್ನು ನೌಕಾಪಡೆ 2025ರ ಮೇ 21ರಂದು ಕಾರವಾರ ನೌಕಾನೆಲೆಯಲ್ಲಿ ಸೇರಿಸಿಕೊಂಡಿತು. 'ಕೌಂಡಿನ್ಯ' ಎಂದು ಹೆಸರಿಟ್ಟಿತು. ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಅದನ್ನು ಹೊಲಿದರು. ಅದೇ ವರ್ಷ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಮಸ್ಕತ್ ಕಡೆಗೆ ಯಾನ ಹೊರಟಿತು.

ಸಾವಿರ ತೂತಿದ್ದರೂ ಮುಳುಗದ್ದು ಏಕೆ?

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಹೊಲಿದ ದೋಣಿಯಲ್ಲಿ ಮೊಳೆ ಇಲ್ಲ ನಿಜ, ಆದರೆ ತೂತುಗಳು ಸಾವಿರಾರು. ಅದು ಏಕೆ ಮುಳುಗುವುದಿಲ್ಲ?

ಮೊದಲನೆಯದಾಗಿ, ಹೊಲಿದ ಮೇಲೆ ತೂತುಗಳನ್ನು ನಾರು ತುರುಕಿ, ರಾಳ ಮತ್ತು ಎಣ್ಣೆ ಬೆರೆಸಿದ ಲೇಪ ಮೆತ್ತಿ ಮುಚ್ಚುತ್ತಿದ್ದರು. ಪಶ್ಚಿಮ ಕರಾವಳಿಯಲ್ಲಿ ಧೂಪದ ಮರದ ರಾಳ, ಸುರಹೊನ್ನೆ ಬೀಜದ ಎಣ್ಣೆ, ಮೀನೆಣ್ಣೆಗಳನ್ನು ಇದಕ್ಕೆ ಬಳಸುತ್ತಿದ್ದರು. ಎರಡನೆಯದು ಮುಖ್ಯ ಕಾರಣ: ಮರ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಸಂದು ಬಿಟ್ಟ ಮರದ ತೊಟ್ಟಿಗೆ ನೀರು ತುಂಬಿಸಿಟ್ಟರೆ ಮರುದಿನ ಸೋರಿಕೆ ನಿಲ್ಲುವುದನ್ನು ಹಳ್ಳಿಯ ಹಿರಿಯರು ಬಲ್ಲರು. ದೋಣಿಯೂ ಹಾಗೆಯೇ. ನೀರಿಗಿಳಿದ ಮೇಲೆ ಹಲಗೆ ಉಬ್ಬಿ, ನಾರೂ ಉಬ್ಬಿ, ತೂತು ತಾನಾಗಿ ಬಿಗಿಯುತ್ತದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಮರ ತೂತನ್ನು ಕ್ಷಮಿಸುತ್ತದೆ.

ಅಷ್ಟಾದರೂ ಹಳಬರು ಎಲ್ಲೆಂದರಲ್ಲಿ ಕೊರೆಯುತ್ತಿರಲಿಲ್ಲ. ಡೆನ್ಮಾರ್ಕಿನ ಹ್ಯೋರ್ಟ್‌ಸ್ಪ್ರಿಂಗ್ ಎಂಬಲ್ಲಿ ಜೌಗು ನೆಲದಿಂದ 1921-22ರಲ್ಲಿ ಒಂದು ದೋಣಿಯನ್ನು ಅಗೆದು ತೆಗೆದರು. ಕ್ರಿಸ್ತಪೂರ್ವ 4ನೇ ಶತಮಾನದ್ದು. ಅದರ ಹಲಗೆ ಕೆತ್ತುವಾಗಲೇ ಒಳಮೈಯಲ್ಲಿ ಉಬ್ಬಿದ ಕಿವಿಗಳನ್ನು ಉಳಿಸಿಕೊಂಡಿದ್ದಾರೆ, ನಮ್ಮ ಬಾಣಲೆಗೆ ಕಿವಿ ಇರುವಂತೆ. ಒಳಗಿನ ಪಕ್ಕೆಲುಬುಗಳನ್ನು ಆ ಕಿವಿಗಳಿಗೆ ಹಗ್ಗದಿಂದ ಕಟ್ಟಿದ್ದಾರೆ. ತೂತು ಇರುವುದು ಕಿವಿಗೆ, ನೀರು ತಡೆಯುವ ಹಲಗೆಗಲ್ಲ. ಅಷ್ಟೇ ದೂರದ ಇನ್ನೊಂದು ಮೂಲೆಯಲ್ಲಿ, ಫಿಲಿಪ್ಪೀನ್ಸಿನ ಬುಟುವಾನ್‌ನಲ್ಲಿ ಸಿಕ್ಕ ಹಳೆಯ ದೋಣಿಗಳಲ್ಲೂ ಇದೇ ಯುಕ್ತಿ. ಈ 'ಕಿವಿ'ಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಫೈಬರ್ ದೋಣಿಗೆ ಬಂದಾಗ ಬೇಕಾಗುತ್ತದೆ.

ಒಳನಾಡಿನವರಿಗೆ ಹತ್ತಿರದ ಉದಾಹರಣೆ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆ ನದಿ ದಾಟಲು ಬುಟ್ಟಿಯಂಥ ದುಂಡು ದೋಣಿ ಬಳಸುತ್ತಾರೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಎತ್ತು ಕುದುರೆಗಳೂ ದಾಟುತ್ತವೆ ಎಂದು ಬರೆದಿದ್ದಾನೆ. ಚರ್ಮ ಮರದಂತೆ ಉಬ್ಬಿ ತೂತು ಮುಚ್ಚುವುದಿಲ್ಲ. ಹಾಗಾಗಿ ಏನು ಕಟ್ಟಬೇಕಿದ್ದರೂ ಬುಟ್ಟಿಗೆ ಕಟ್ಟಬೇಕು, ಚರ್ಮಕ್ಕೆ ಸೂಜಿ ತಾಗಿಸಬಾರದು. ಫೈಬರ್ ದೋಣಿಯ ಸ್ವಭಾವ ಮರದ ದೋಣಿಗಿಂತ ಈ ಹರಿಗೋಲಿಗೇ ಹತ್ತಿರ.

ಮೊಳೆ ಬಂತು, ಎಂಜಿನ್ ಬಂತು

ಪೋರ್ಚುಗೀಸರು ಬಂದ ಮೇಲೆ ಪಶ್ಚಿಮ ಕರಾವಳಿಯಲ್ಲಿ ಕಬ್ಬಿಣದ ಮೊಳೆಯ ಹಡಗುಗಳು ಹೆಚ್ಚಿದವು. ಫಿರಂಗಿ ಹೊರುವ ಹಡಗಿಗೆ ಹೊಲಿಗೆ ಸಾಲುತ್ತಿರಲಿಲ್ಲ. ನಮ್ಮ ಸಾಗುವಾನಿಯ ಒಂದು ಗುಣ ಇಲ್ಲಿ ನೆರವಾಯಿತು. ಯುರೋಪಿನ ಓಕ್ ಮರದ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಸಾಗುವಾನಿಯ ಎಣ್ಣೆ ಅದನ್ನು ಕಾಪಾಡುತ್ತದೆ. 1817ರಲ್ಲಿ ಮುಂಬಯಿಯಲ್ಲಿ ಸಾಗುವಾನಿಯಿಂದ ಕಟ್ಟಿದ 'ಟ್ರಿಂಕೊಮಲೀ' ಎಂಬ ಹಡಗು ಇಂದಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ.

ಆಮೇಲೆ ಬಂದದ್ದು ಎಂಜಿನ್. 1950ರ ದಶಕದಲ್ಲಿ ಕೇರಳದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ ಮುಂದೆ ಕಾರವಾರಕ್ಕೂ ವಿಸ್ತರಿಸಿತು. ಒಳಗೆ ಎಂಜಿನ್ ಇಟ್ಟರೆ ಹೊರಗಿನ ಪಂಖ ತಿರುಗಿಸುವ ದಂಡಕ್ಕೆ ತಳದಲ್ಲಿ ದೊಡ್ಡ ತೂತು ಬೇಕೇ ಬೇಕು. ಅದನ್ನು ಸೋರದಂತೆ ಕಾಯುವುದೇ ಯಾಂತ್ರಿಕ ಬೋಟಿನ ದಿನನಿತ್ಯದ ಕೆಲಸವಾಯಿತು.

ಸಣ್ಣ ದೋಣಿಗೆ ಈ ತೊಂದರೆ ತಪ್ಪಿಸಿದ್ದು ಹೊರಗೆ ತೂಗುಹಾಕುವ ಎಂಜಿನ್. ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಅದನ್ನು ಮಾರಾಟಕ್ಕೆ ತಂದವರಲ್ಲಿ ಪ್ರಮುಖ. ಅದರ ಜಾಣತನ ಇದ್ದದ್ದು ಯಂತ್ರದಲ್ಲಿ ಮಾತ್ರವಲ್ಲ, ಹಿಡಿಕೆಯಲ್ಲೂ. ದೋಣಿಯ ಹಿಂಬದಿಯ ಹಲಗೆಗೆ ಎರಡು ಕಡೆಯಿಂದ ಸ್ಕ್ರೂ ಬಿಗಿದು ಕಚ್ಚಿಸಿದರೆ ಮುಗಿಯಿತು, ಒಂದೂ ತೂತಿಲ್ಲ. 1980ರ ದಶಕದಲ್ಲಿ ಕೇರಳ, ಕರ್ನಾಟಕದ ನಾಡದೋಣಿಗಳಿಗೆ ಈ ಎಂಜಿನ್ ವ್ಯಾಪಕವಾಗಿ ಬಂತು. ಆದರೆ ಹೆಚ್ಚಿನ ಅಶ್ವಶಕ್ತಿಯ ಎಂಜಿನ್‌ಗೆ ಬರಿಯ ಹಿಡಿಕೆ ಸಾಲದು. ಹಾಗಾಗಿ ಹಿಂಬದಿಯ ಹಲಗೆಗೆ ಬೋಲ್ಟು ಬಂತು.

ಗಾಜಿನ ನೂಲಿನ ದೋಣಿ

ಗಾಜಿನ ನೂಲು ದೊಡ್ಡ ಪ್ರಮಾಣದಲ್ಲಿ ಬಂದದ್ದು ಒಂದು ಆಕಸ್ಮಿಕದಿಂದ. 1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಗಾಜಿನ ಕಂಪನಿಯಲ್ಲಿ ಡೇಲ್ ಕ್ಲೀಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದ. ಕರಗಿದ ಗಾಜಿಗೆ ಗಾಳಿಯ ರಭಸ ತಾಗಿ ಅದು ಎಳೆ ಎಳೆಯಾಗಿ ಹಾರಿತು. ಅದೇ ದಶಕದಲ್ಲಿ ಪಾಲಿಯೆಸ್ಟರ್ ರೆಸಿನ್ ಬಂತು. ಎರಡನ್ನೂ ಸೇರಿಸಿ ರೇ ಗ್ರೀನ್ ಎಂಬವರು 1942ರ ಸುಮಾರಿಗೆ ಒಹಾಯೊದಲ್ಲಿ ಫೈಬರ್ ದೋಣಿ ಮಾಡಿದರು.

ನಮ್ಮ ದೇಶದಲ್ಲಿ 1979ರಲ್ಲಿ ಶುರುವಾದ ಬಂಗಾಳ ಕೊಲ್ಲಿ ಯೋಜನೆ ಮದ್ರಾಸಿನಲ್ಲಿ ನೆಲೆಯೂರಿ, ಪೂರ್ವ ಕರಾವಳಿಯ ಮರಳ ದಡಕ್ಕೆ ಒಗ್ಗುವ ಫೈಬರ್ ದೋಣಿಗಳನ್ನು ಪರೀಕ್ಷಿಸಿತು. 2004ರ ಸುನಾಮಿಯಲ್ಲಿ ಮರದ ದೋಣಿ, ಕಟ್ಟುಮರಗಳು ನಾಶವಾದ ಮೇಲೆ ಪರಿಹಾರವಾಗಿ ಸಾವಿರಾರು ಫೈಬರ್ ದೋಣಿಗಳು ಬಂದವು. ನಮ್ಮ ಕರಾವಳಿಯಲ್ಲೂ ಕಾಡಿನ ದೊಡ್ಡ ಮರ ಸಿಗುವುದು ಕಷ್ಟವಾದಂತೆ ಫೈಬರ್ ದೋಣಿ ಹೆಚ್ಚಿತು. ಹಗುರ, ಹುಳ ಹಿಡಿಯುವುದಿಲ್ಲ, ವರ್ಷ ವರ್ಷ ಎಣ್ಣೆ ಬಳಿಯಬೇಕಿಲ್ಲ.

ವಸ್ತು ಬದಲಾಯಿತು. ಆದರೆ ಕೈಯಲ್ಲಿದ್ದ ಡ್ರಿಲ್, ಬೋಲ್ಟು, ವಾಷರ್ ಹಾಗೆಯೇ ಉಳಿದವು.

ಫೈಬರಿಗೆ ತೂತು ಏಕೆ ಕೆಟ್ಟದ್ದು

ಫೈಬರ್ ನೀರು ಕುಡಿದು ಉಬ್ಬುವುದಿಲ್ಲ. ಹಾಗಾಗಿ ತೂತು ತಾನಾಗಿ ಮುಚ್ಚುವುದಿಲ್ಲ. ಮೊದಲ ದಿನ ಎಷ್ಟು ಸಂದು ಇತ್ತೋ ಹತ್ತನೇ ವರ್ಷವೂ ಅಷ್ಟೇ ಇರುತ್ತದೆ. ಎಂಜಿನ್ನಿನ ನಡುಕಕ್ಕೆ ಇನ್ನಷ್ಟು ದೊಡ್ಡದಾಗುತ್ತದೆ.

ಎರಡನೆಯದು, ದೋಣಿಗೆ ಬಲ ಕೊಡುವುದು ಉದ್ದಕ್ಕೂ ಹಾದುಹೋದ ಗಾಜಿನ ನೂಲು. ಕೊರೆದಾಗ ಆ ನೂಲು ತುಂಡಾಗುತ್ತದೆ. ತುಂಡಾದ ತುದಿಗಳು ದೀಪದ ಬತ್ತಿ ಎಣ್ಣೆ ಎಳೆಯುವಂತೆ ನೀರನ್ನು ಒಳಕ್ಕೆ ಎಳೆಯುತ್ತವೆ.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಹಿಂಬದಿಯ ಹಲಗೆ, ಮೇಲ್ಮಂಚಗಳಲ್ಲಿ ಸಾಮಾನ್ಯವಾಗಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್, ಬಾಲ್ಸಾ ಮರ ಅಥವಾ ಫೋಮ್ ಇರುತ್ತದೆ. ತೂತಿನಿಂದ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಹೊರಗಿನಿಂದ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಒಳಗಿನ ಪ್ಲೈವುಡ್ ಕೊಳೆಯುತ್ತದೆ. ಎಂಜಿನ್ ನಿಂತಿರುವುದು ಅದರ ಮೇಲೆಯೇ. ಸ್ಟೀಲ್ ಬೋಲ್ಟೂ ಅಷ್ಟೇ: ಗಾಳಿಯಾಡದ ಒದ್ದೆ ತೂತಿನೊಳಗೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ತುಕ್ಕು ಹಿಡಿದು ಸವೆಯುತ್ತದೆ. ತಲೆ ಹೊಳೆಯುತ್ತಿರುತ್ತದೆ, ಕುತ್ತಿಗೆ ಸವೆದಿರುತ್ತದೆ.

ದಡದಿಂದ ಐದಾರು ಮೈಲಿ ದೂರದಲ್ಲಿ ಇಂಥ ಹಲಗೆ ಕೈಕೊಟ್ಟರೆ ಆಗುವ ನಷ್ಟ ದೋಣಿಯದು ಮಾತ್ರವಲ್ಲ.

ಹಲ್ಲಿನ ಡಾಕ್ಟರರಿಗಾಗಿ ಹುಟ್ಟಿದ ಅಂಟು

ತೂತಿಲ್ಲದೆ ಹಿಡಿಸುವ ಹೊಸ ದಾರಿ ಬಂದದ್ದು ಬೇರೊಂದು ಕಡೆಯಿಂದ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಎಂಬ ರಸಾಯನತಜ್ಞ ಕಟ್ಟು ಹಲ್ಲಿಗೆ ಒಳ್ಳೆಯ ವಸ್ತು ಹುಡುಕುತ್ತಿದ್ದರು. ಅವರಿಗೆ ಸಿಕ್ಕಿದ್ದು ಎಪಾಕ್ಸಿ. ಹಲ್ಲಿಗಿಂತ ಅಂಟಿಗೇ ಅದು ಹೆಚ್ಚು ಒದಗಿತು. ಸೀಬಾ ಕಂಪನಿ ಅದರ ಹಕ್ಕು ಪಡೆದು 1946ರಲ್ಲಿ ಸ್ವಿಟ್ಜರ್ಲೆಂಡಿನ ಮೇಳದಲ್ಲಿ ತೋರಿಸಿತು. ಹೆಸರು ಅರಾಲ್ಡೈಟ್. ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಅದೇ ಅಂಟು. ನೀರಿನ ಪೈಪಿಗೆ ಮೆತ್ತುವ ಎಂ-ಸೀಲ್ ಕೂಡ ಎಪಾಕ್ಸಿ ಜಾತಿಯದೇ.

ಬೋಲ್ಟಿಲ್ಲದ ಅಂಟಿನ ಮೇಲೆ ಜೀವದ ಭಾರ ಹಾಕಬಹುದೇ? ಇದಕ್ಕೆ ಮೊದಲು ಉತ್ತರ ಕೊಟ್ಟವರು ವಿಮಾನ ಕಟ್ಟುವವರು. ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ನಾರ್ಮನ್ ಡಿ ಬ್ರುಯ್ನ್ 1941ರಲ್ಲಿ 'ರೀಡಕ್ಸ್' ಎಂಬ ಲೋಹದ ಅಂಟು ತಯಾರಿಸಿದರು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಅದನ್ನು ವಿಮಾನದ ಭಾರ ಹೊರುವ ಭಾಗಗಳಿಗೇ ಬಳಸಿದರು.

ಸಮುದ್ರದ ಮೇಲೆ ಉತ್ತರ ಸಿಕ್ಕಿದ್ದು ಬ್ರಿಟಿಷ್ ನೌಕಾಪಡೆಯಲ್ಲಿ. ಆ ಹಳೆಯ ಸೂಜಿಗಲ್ಲಿನ ಬೆಟ್ಟದ ಕಥೆ ಇಲ್ಲಿ ಒಂದು ರೀತಿಯಲ್ಲಿ ನಿಜವಾಯಿತು. 1939ರಲ್ಲಿ ಜರ್ಮನಿ ಸಮುದ್ರದಲ್ಲಿ ಆಯಸ್ಕಾಂತೀಯ ಸಿಡಿಗುಂಡುಗಳನ್ನು ಹುದುಗಿಸಿತು. ಮೇಲೆ ಉಕ್ಕಿನ ಹಡಗು ಹಾದರೆ ಸಾಕು, ಅವು ಸಿಡಿಯುತ್ತಿದ್ದವು. ಅಂಥ ಗುಂಡುಗಳನ್ನು ಹುಡುಕಿ ತೆಗೆಯುವ ಹಡಗಿನಲ್ಲಿ ಕಬ್ಬಿಣ ಇರಬಾರದು. ಹೀಗಾಗಿ 1973ರಲ್ಲಿ ಸೇವೆಗೆ ಬಂದ 'ವಿಲ್ಟನ್' ಫೈಬರಿನಲ್ಲಿ ಕಟ್ಟಿದ ಮೊದಲ ದೊಡ್ಡ ಯುದ್ಧನೌಕೆಯಾಯಿತು.

ಅದರ ನಂತರ ಬಂದ 'ಹಂಟ್' ವರ್ಗದ ಹಡಗುಗಳಲ್ಲಿ ಒಳಗಿನ ಪಕ್ಕೆಲುಬುಗಳು ಸ್ಫೋಟದ ಹೊಡೆತಕ್ಕೆ ಕಿತ್ತು ಬರಬಾರದೆಂದು ಟೈಟಾನಿಯಂ ಬೋಲ್ಟುಗಳನ್ನು ಹಾಕಿದರು. ದುಬಾರಿ ಕೆಲಸ, ಮೇಲಾಗಿ ಬೋಲ್ಟಿಗೊಂದು ತೂತು. 1989ರಿಂದ ಸೇವೆಗೆ ಬಂದ 'ಸ್ಯಾಂಡೌನ್' ವರ್ಗದಲ್ಲಿ ಆ ಬೋಲ್ಟುಗಳನ್ನೇ ಬಿಟ್ಟರು. ಬದಲಿಗೆ ಸ್ವಲ್ಪ ಬಾಗುವ ಗುಣವಿರುವ ಅಂಟು ಬಳಸಿದರು. ಕಲ್ಲಿನಂತೆ ಗಟ್ಟಿಯಾದ ಅಂಟು ಹೊಡೆತಕ್ಕೆ ಅಂಚಿನಿಂದ ಬಿರಿಯುತ್ತದೆ, ಬಾಗುವ ಅಂಟು ಹೊಡೆತವನ್ನು ಹಂಚಿಕೊಳ್ಳುತ್ತದೆ. ನಾರಿನಿಂದ ಹೊಲಿದವರು ಕಂಡುಕೊಂಡಿದ್ದೂ ಇದನ್ನೇ.

ಇಂದಿನ ದೋಣಿಗೆ ಇಂದಿನ 'ಕಿವಿ'

ಇನ್ನು ಕೆಲಸದ ಮಾತಿಗೆ ಬರೋಣ. ತೂತು ಕೊರೆಯದೆ ಕೂರಿಸುವ ಮೂರು ದಾರಿಗಳು ಹೆಚ್ಚು ಬಳಕೆಯಲ್ಲಿವೆ.

ಮೊದಲನೆಯದು ಅಂಟಿಸಿದ ದಿಮ್ಮಿ. ಒಣ ಮರದ ಅಥವಾ ಪ್ಲೈವುಡ್ಡಿನ ತುಂಡೊಂದನ್ನು ದೋಣಿಯ ಒಳಮೈಗೆ ಎಪಾಕ್ಸಿಯಿಂದ ಅಂಟಿಸಿ, ಅದರ ಮೇಲೆ ಗಾಜಿನ ಬಟ್ಟೆ ಹೊದಿಸಿ ರೆಸಿನ್ ಬಳಿಯುವುದು. ಬಟ್ಟೆ ದಿಮ್ಮಿಯ ಆಚೀಚೆ ದೋಣಿಯ ಮೈಮೇಲೂ ಹರಡಿರಬೇಕು. ಒಣಗಿದ ಮೇಲೆ ಸ್ಕ್ರೂ ಹೋಗುವುದು ದಿಮ್ಮಿಗೆ, ದೋಣಿಗಲ್ಲ. ಸ್ಕ್ರೂ ದಿಮ್ಮಿಯ ದಪ್ಪಕ್ಕಿಂತ ಗಿಡ್ಡದಿರಲಿ. ಡೆನ್ಮಾರ್ಕಿನ ದೋಣಿಯ ಕಿವಿ ಇದೇ ಅಲ್ಲವೇ?

ಎರಡನೆಯದು ಅಂಟುವ ಬೋಲ್ಟು. ತೂತು ತೂತಿನ ದುಂಡು ತಗಡಿಗೆ ಬೆಸೆದ ಬೋಲ್ಟು ಸಿಗುತ್ತದೆ. ಅಂಟು ತಗಡಿನ ತೂತುಗಳಿಂದ ಮೇಲೆ ಉಕ್ಕಿ ಗಟ್ಟಿಯಾಗಿ ಕೂರುತ್ತದೆ. ವೈರು, ಪೈಪು, ಸಣ್ಣ ಪೆಟ್ಟಿಗೆಗಳಿಗೆ ಇದು ಸಾಕು.

ಮೂರನೆಯದು ಮೀನು ತೋರಿಸುವ ಯಂತ್ರದ ಕತೆ. ಜಪಾನಿನ ಫುರುನೊ ಸಹೋದರರು 1948ರಲ್ಲಿ ಅದನ್ನು ಮೀನುಗಾರರ ಕೈಗೆ ತಂದರು. ಅದರ ಸಂವೇದಕ ನೀರಿಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ಶಬ್ದ ಗಟ್ಟಿ ಫೈಬರಿನ ಮೂಲಕ ಹಾದುಹೋಗುತ್ತದೆ, ಗಾಳಿಯಲ್ಲಿ ಮಾತ್ರ ನಿಂತುಬಿಡುತ್ತದೆ. ಆದ್ದರಿಂದ ಇದಕ್ಕೆಂದೇ ಮಾಡಿದ ಸಂವೇದಕವನ್ನು ದೋಣಿಯ ಒಳಗಿನಿಂದ ತಳಕ್ಕೆ ಅಂಟಿಸಿದರೆ ಸಾಕು. ಸ್ವಲ್ಪ ಶಕ್ತಿ ನಷ್ಟವಾಗುತ್ತದೆ, ನೀರಿನ ಉಷ್ಣತೆ ಸರಿಯಾಗಿ ಸಿಗುವುದಿಲ್ಲ, ಆದರೆ ಆಳವೂ ಮೀನೂ ಕಾಣುತ್ತವೆ. ಅಂಟಿನಲ್ಲಿ ಗಾಳಿಯ ಗುಳ್ಳೆ ಇರಬಾರದು. ತಳದಲ್ಲಿ ಫೋಮ್ ಅಥವಾ ಮರದ ನಡುಪದರ ಇದ್ದರೆ ಈ ದಾರಿ ನಡೆಯುವುದಿಲ್ಲ. ಅಂಟಿಸುವ ಮೊದಲು ಒಂದು ಪರೀಕ್ಷೆ ಮಾಡಿ: ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಸಂವೇದಕ ಇಟ್ಟು, ಚೀಲವನ್ನು ಒದ್ದೆ ತಳಕ್ಕೆ ಒತ್ತಿ ಹಿಡಿಯಿರಿ. ಪರದೆಯ ಮೇಲೆ ಆಳ ಸರಿಯಾಗಿ ಬಂದರೆ ಅಲ್ಲೇ ಅಂಟಿಸಬಹುದು.

ಅಂಟು ಬಿಡುವುದು ಎಲ್ಲಿ?

ಒಳ್ಳೆಯ ಎಪಾಕ್ಸಿ ಒಂದು ಚದರ ಸೆಂಟಿಮೀಟರಿಗೆ 100 ಕೆಜಿಗೂ ಹೆಚ್ಚು ಜಾರುವ ಎಳೆತ ತಡೆಯುತ್ತದೆ. ಅಂದರೆ ಬೆಂಕಿಪೊಟ್ಟಣದಷ್ಟು ಜಾಗ ಲೆಕ್ಕದಲ್ಲಿ ಟನ್ನುಗಟ್ಟಲೆ ಹೊರಬೇಕು. ಆದರೂ ಅಂಟಿಸಿದ್ದು ಕಿತ್ತು ಬರುತ್ತದೆ. ಏಕೆ?

ಗೋಡೆಯ ಪೋಸ್ಟರನ್ನು ನೋಡಿ. ಪಕ್ಕಕ್ಕೆ ಎಳೆದರೆ ಜರುಗುವುದಿಲ್ಲ. ಒಂದು ಮೂಲೆಯಿಂದ ಎಬ್ಬಿಸಿದರೆ ಸರ್ರನೆ ಬರುತ್ತದೆ. ಅಂಟಿನ ಶತ್ರು ಭಾರವಲ್ಲ, ಮೂಲೆಯಿಂದ ಎಬ್ಬಿಸುವ ಎಳೆತ. ಹಾಗಾಗಿ ತಳಪಾಯ ಅಗಲವಾಗಿರಲಿ, ಅಂಚು ತೆಳುವಾಗಿ ಇಳಿಜಾರಾಗಿರಲಿ, ವಸ್ತು ಗಿಡ್ಡವಾಗಿರಲಿ. ಎತ್ತರದ ಕಂಬವನ್ನು ಸಣ್ಣ ತಗಡಿನ ಮೇಲೆ ಅಂಟಿಸಿದರೆ ಅದು ಸನ್ನೆಕೋಲಿನಂತೆ ತನ್ನನ್ನೇ ಕೀಳುತ್ತದೆ.

ಎರಡನೇ ಕಾರಣ ಮೇಲ್ಮೈ. ಅಚ್ಚಿನಿಂದ ಬಿಡಿಸುವಾಗಿನ ಮೇಣ, ಎಂಜಿನ್ ಎಣ್ಣೆ, ಮೀನಿನ ಜಿಡ್ಡು, ಉಪ್ಪು ಇವೆಲ್ಲ ಇರುವ ಮೈಗೆ ಯಾವ ಅಂಟೂ ಹಿಡಿಯದು. ಕ್ರಮ ಹೀಗೆ:

1. ಸಿಹಿನೀರು, ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ.
2. ಅಸಿಟೋನ್‌ನಿಂದ ಒರೆಸಿ. ಮೇಣವನ್ನು ಮೊದಲೇ ತೆಗೆಯಬೇಕು, ಇಲ್ಲವಾದರೆ ಉಜ್ಜುವಾಗ ಅದು ಗೀರುಗಳ ಒಳಕ್ಕೆ ಇಳಿಯುತ್ತದೆ.
3. 60 ಅಥವಾ 80 ನಂಬರಿನ ಉಪ್ಪುಕಾಗದದಿಂದ ಬಣ್ಣ, ಹೊಳಪು ಹೋಗುವ ತನಕ ಉಜ್ಜಿ. ಬಣ್ಣದ ಮೇಲೆ ಅಂಟಿಸಿದರೆ ಅಂಟು ಹಿಡಿದಿರುವುದು ಬಣ್ಣವನ್ನು, ದೋಣಿಯನ್ನಲ್ಲ.
4. ಧೂಳು ತೆಗೆದು ಮತ್ತೆ ಸ್ವಚ್ಛ ಬಟ್ಟೆಯಿಂದ ಒರೆಸಿ. ಆಮೇಲೆ ಕೈ ಮುಟ್ಟಿಸಬೇಡಿ.
5. ಅಂಟನ್ನು ಹೇಳಿದ ಪ್ರಮಾಣದಲ್ಲೇ ಕಲಸಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾದೀತೆಂಬ ಲೆಕ್ಕ ಎಪಾಕ್ಸಿಯಲ್ಲಿ ನಡೆಯದು, ಅದು ಮೆತ್ತಗೇ ಉಳಿಯುತ್ತದೆ.
6. ಹದವಾಗಿ ಒತ್ತಿ. ಪೂರ್ತಿ ಹಿಂಡಿದರೆ ಒಳಗೆ ಅಂಟೇ ಉಳಿಯುವುದಿಲ್ಲ.
7. ಒಂದು ದಿನ ಅಲುಗಿಸಬೇಡಿ. ಪೂರ್ತಿ ಬಲ ಬರಲು ಒಂದು ವಾರದವರೆಗೂ ಬೇಕಾಗಬಹುದು.

ನಮ್ಮ ಕರಾವಳಿಯ ಸೆಕೆಯಲ್ಲಿ ಅಂಟು ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಹಳೆಯ ಫೈಬರಿನ ಮೇಲೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಬಿಂದಿಗೆ, ಡ್ರಮ್ಮಿನಂಥ ಪಾಲಿಥೀನ್ ಪ್ಲಾಸ್ಟಿಕ್ಕಿಗೆ ಈ ಅಂಟು ಹಿಡಿಯುವುದೇ ಇಲ್ಲ. ಫೈಬರ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಮಾಸ್ಕ್ ಕಟ್ಟಿ. ಪಾಲಿಯೆಸ್ಟರಿನ ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕಿ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ, ಹತ್ತಿರ ಬೀಡಿ ಬೇಡ.

ಬೋಲ್ಟು ಬೇಕೇ ಬೇಕಾದಲ್ಲಿ

ಎಲ್ಲವನ್ನೂ ಅಂಟಿಸಿ ಎಂದು ನಾವು ಹೇಳುತ್ತಿಲ್ಲ. ದೊಡ್ಡ ಎಂಜಿನ್, ಲಂಗರು ಕಟ್ಟುವ ಗೂಟ, ಎಳೆಯುವ ಕೊಂಡಿ, ಎತ್ತುವ ಕೊಕ್ಕೆ ಇವಕ್ಕೆ ಬೋಲ್ಟೇ ಸರಿ. ಜೀವ ನಿಂತಿರುವ ಜಾಗದಲ್ಲಿ ಅಂಟನ್ನು ಮಾತ್ರ ನಂಬಬಾರದು.

ಅಲ್ಲಿಗೂ ಒಂದು ದಾರಿಯಿದೆ. ಅಮೆರಿಕದ ಮಿಷಿಗನ್‌ನಲ್ಲಿ ದೋಣಿ ಕಟ್ಟುತ್ತಿದ್ದ ಗೂಜನ್ ಸಹೋದರರು 1970ರ ದಶಕದಲ್ಲಿ ಎಪಾಕ್ಸಿಯಿಂದ ಸಾಮಾನು ಕೂರಿಸುವ ವಿಧಾನಗಳನ್ನು ಪರೀಕ್ಷಿಸಿ ಬರೆದು ಹಂಚಿದರು. ಇಂದು ದೋಣಿ ಕೆಲಸದಲ್ಲಿ ಬಳಕೆಯಲ್ಲಿರುವ ಕ್ರಮ ಇದು: ಬೋಲ್ಟಿಗಿಂತ ದೊಡ್ಡ ತೂತು ಕೊರೆಯಿರಿ. ಅದನ್ನು ದಪ್ಪ ಎಪಾಕ್ಸಿಯಿಂದ ಪೂರ್ತಿ ತುಂಬಿಸಿ. ಗಟ್ಟಿಯಾದ ಮೇಲೆ ಅದರ ನಟ್ಟನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಿರಿ. ಈಗ ಬೋಲ್ಟು ಹಾದುಹೋಗುವುದು ಎಪಾಕ್ಸಿಯ ಕೊಳವೆಯಲ್ಲಿ. ಅಂಚಿನಲ್ಲಿ ನೀರು ಇಳಿದರೂ ಒಳಗಿನ ಪ್ಲೈವುಡ್ಡಿಗೆ ತಾಗುವುದಿಲ್ಲ. ಹಿಂದೆ ಸಣ್ಣ ವಾಷರ್ ಬದಲು ಅಗಲವಾದ ತಗಡು ಕೊಡಿ. ಹಲಗೆ ಹೊಲಿದವರು ತೂತಿಗೆ ನಾರು, ರಾಳ ತುರುಕಿದ್ದೂ ಇದೇ ಉದ್ದೇಶಕ್ಕೆ.

ಹಳೆಯ ಫೈಬರ್ ದೋಣಿ ಇರುವವರು ಈ ಮಳೆಗಾಲದ ನಿಷೇಧದ ದಿನಗಳಲ್ಲಿ ಒಂದು ಕೆಲಸ ಮಾಡಬಹುದು. ಹಿಂಬದಿಯ ಹಲಗೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ, ತೆಂಗಿನಕಾಯಿ ನೋಡುವ ಹಾಗೆ. ಬಳಕೆಯಲ್ಲಿಲ್ಲದ ಹಳೆಯ ತೂತುಗಳನ್ನು ಹುಡುಕಿ, ಒಣಗಿಸಿ, ಎಪಾಕ್ಸಿ ತುಂಬಿಸಿ ಮುಚ್ಚಿ. ಹೊಸದಾಗಿ ದೋಣಿ ಮಾಡಿಸುವವರು ಎಲ್ಲೆಲ್ಲಿ ಏನು ಕೂರಬೇಕೆಂದು ಮೊದಲೇ ಪಟ್ಟಿ ಕೊಡಿ. ಅಚ್ಚಿನಲ್ಲಿರುವಾಗಲೇ ಅಲ್ಲಲ್ಲಿ ದಿಮ್ಮಿ ಹೊದಿಸಿ ಕೊಡಲು ಕೇಳಿ. ಆಗ ಮಾಡಿಸಿದರೆ ಖರ್ಚು ಕಡಿಮೆ, ಬಾಳಿಕೆ ಹೆಚ್ಚು.

ನಿಮ್ಮ ಊರಿನಲ್ಲಿ ನಾರಿನಿಂದ ದೋಣಿ ಹೊಲಿದ ಅಥವಾ ಹೊಲಿಯುವುದನ್ನು ಕಂಡ ಹಿರಿಯರು ಇದ್ದರೆ, ಅವರು ಬಳಸುತ್ತಿದ್ದ ಲೇಪ, ಗಂಟು, ಹಲಗೆಗಳ ಹೆಸರನ್ನು ಫೋನಿನಲ್ಲೇ ಅವರ ದನಿಯಲ್ಲಿ ದಾಖಲಿಸಿ ನಮಗೆ ಕಳಿಸಿ. ಎಷ್ಟೋ ಹೆಸರುಗಳು ಇನ್ನೂ ಯಾವ ಪುಸ್ತಕಕ್ಕೂ ಸೇರಿಲ್ಲ.